ಸೀಮೆಎಣ್ಣೆಗೆ ಮುಚ್ಚಳ ಹಾಕಿದ ಆಬೆಲ್

ಮೆಕ್ಯಾನಿಕಲ್‌ನವರಿಗೆ ಆಬೆಲ್ ಅಂದ್ರೆ ಲ್ಯಾಬ್‌ನಲ್ಲಿರೋ ಒಂದು ಹಿತ್ತಾಳೆ ಕಪ್. ಎಣ್ಣೆ ಹಾಕಬೇಕು, ನಿಧಾನ ಬಿಸಿ ಮಾಡಬೇಕು, ಆಗಾಗ ಪುಟ್ಟ ಜ್ವಾಲೆ ತೋರಿಸಬೇಕು. ಎಣ್ಣೆಯ ಆವಿ ಪಕ್ಕನೆ ಹೊತ್ತಿ ಆರಿದಾಗ ಎಷ್ಟು ಡಿಗ್ರಿ ಇತ್ತೋ ಅದೇ ಫ್ಲ್ಯಾಶ್ ಪಾಯಿಂಟ್. ರೆಕಾರ್ಡ್‌ಗೆ ಸಹಿ ಬಿದ್ದರೆ ಮುಗೀತು, ಆ ಹೆಸರಿನ ಮನುಷ್ಯ ಯಾರು ಅಂತ ಯಾರೂ ಕೇಳೋದಿಲ್ಲ. ನಮ್ಮ ಸಂಘದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರು ಕೆಲವರಿದ್ದೇವೆ. ನಮ್ಮ ಅಜ್ಜ ಅಜ್ಜಿಯರು ಮಳೆಗಾಲಗಳನ್ನು ಕಳೆದದ್ದು ಬುಡ್ಡಿ ದೀಪ, ಲಾಟೀನಿನ ಬೆಳಕಲ್ಲಿ. ಹಾಗಾಗಿ ನಾವು ಕೇಳಿದೆವು.

ಫ್ರೆಡರಿಕ್ ಆಗಸ್ಟಸ್ ಆಬೆಲ್ ಹುಟ್ಟಿದ್ದು 1827ರಲ್ಲಿ, ಲಂಡನ್ನಿನಲ್ಲಿ. ಅಪ್ಪ ಸಂಗೀತದ ಮೇಷ್ಟ್ರು. ಮಗ ಹಿಡಿದದ್ದು ಕೆಮಿಸ್ಟ್ರಿ. 1845ರಲ್ಲಿ ಶುರುವಾದ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿಯ ಮೊದಲ ಬ್ಯಾಚಿನಲ್ಲಿ, ಹಾಫ್‌ಮನ್ ಕೈಕೆಳಗೆ ಕಲಿತರು. ಆಮೇಲೆ ವೂಲಿಚ್‌ನ ಮಿಲಿಟರಿ ಅಕಾಡೆಮಿಯಲ್ಲಿ ಫ್ಯಾರಡೆ ಬಿಟ್ಟ ಜಾಗಕ್ಕೇ ಉಪನ್ಯಾಸಕರಾದರು. ಇಪ್ಪತ್ತರ ಹರೆಯದಲ್ಲಿ ಫ್ಯಾರಡೆಯ ಕುರ್ಚಿ! ನಾವಿನ್ನೂ ಇಂಟರ್ನಲ್ಸ್‌ನಲ್ಲೇ ಒದ್ದಾಡ್ತಿದ್ದೇವೆ.

ಮುಂದೆ ಬ್ರಿಟಿಷ್ ಯುದ್ಧ ಇಲಾಖೆಯ ಕೆಮಿಸ್ಟ್ ಆದರು. ಗನ್‌ಕಾಟನ್ ಅನ್ನೋ ಸ್ಫೋಟಕ ಹೇಳದೆ ಕೇಳದೆ ಸಿಡೀತಿತ್ತು. ಅದನ್ನು ಸಣ್ಣಗೆ ಅರೆದು, ಒಳಗೆ ಉಳಿದ ಆಮ್ಲ ಹೋಗುವವರೆಗೆ ತೊಳೆದರೆ ಸುಮ್ಮನಿರುತ್ತೆ ಅಂತ ತೋರಿಸಿದ್ದು ಇವರು. 1889ರಲ್ಲಿ ಡ್ಯೂವರ್ ಜೊತೆ ಕಾರ್ಡೈಟ್ ಮಾಡಿದರು. ಇದು ನನ್ನ ಬ್ಯಾಲಿಸ್ಟೈಟ್‌ನದೇ ನಕಲು ಅಂತ ನೊಬೆಲ್ ಕಡೆಯವರು ಕೋರ್ಟಿಗೆ ಹೋಗಿ 1895ರಲ್ಲಿ ಸೋತರು. ಈ ಕಥೆ ಎಲ್ಲ ಕಡೆ ಸಿಗುತ್ತೆ. ನಮಗೆ ಬೇಕಾದ್ದು ದೀಪದೆಣ್ಣೆಯ ಕಥೆ.

ಆಗ ಮನೆಮನೆಗೂ ಸೀಮೆಎಣ್ಣೆ ದೀಪ ಬಂದಿತ್ತು. ಪೆಟ್ರೋಲಿನಂಥ ಹಗುರ ಭಾಗವನ್ನು ಪೂರ್ತಿ ತೆಗೆಯದೆ ಮಾರಿದ ಎಣ್ಣೆ ದೀಪದ ಬುಡ್ಡಿಯಲ್ಲೇ ಹೊತ್ತಿಕೊಂಡು ಜನ ಸುಟ್ಟುಹೋಗ್ತಿದ್ರು. ಬ್ರಿಟನ್ನಿನಲ್ಲಿ 1868ರಲ್ಲೇ ಕಾನೂನು ಬಂದು 100 ಡಿಗ್ರಿ ಫ್ಯಾರನ್‌ಹೀಟ್ ಮಿತಿ ಆಗಿತ್ತು. ತೊಂದರೆ ಇದ್ದದ್ದು ಅಳೆಯೋದ್ರಲ್ಲಿ. ಕಪ್ ತೆರೆದಿರ್ತಿತ್ತು. ಸ್ವಲ್ಪ ಗಾಳಿ ಬೀಸಿದರೆ ಆವಿ ಹಾರಿಹೋಗಿ ಕೆಟ್ಟ ಎಣ್ಣೆಯೂ ಪಾಸ್. ಜ್ವಾಲೆ ಹಿಡಿದ ಕೈ ಒಂಚೂರು ಮೇಲಾದರೆ ಇನ್ನೊಂದೇ ಉತ್ತರ. ಒಂದೇ ಪೀಪಾಯಿಗೆ ಇನ್‌ಸ್ಪೆಕ್ಟರ್ ಒಂದು ಅಂಕಿ ಹೇಳಿದ್ರೆ ವ್ಯಾಪಾರಿ ಇನ್ನೊಂದು.

ಆಬೆಲ್ ಮಾಡಿದ್ದು ಕಪ್ಪಿಗೆ ಮುಚ್ಚಳ ಹಾಕಿದ್ದು. ಕೇಳಿದರೆ ಇಷ್ಟೇನಾ ಅನ್ಸುತ್ತೆ. ಆದರೆ ಕಪ್ಪಿನ ಅಳತೆ, ಎಣ್ಣೆಯ ಮಟ್ಟ, ಜ್ವಾಲೆಯ ಗಾತ್ರ ಎಲ್ಲವನ್ನೂ ಗೊತ್ತುಮಾಡಿದರು. ಸುತ್ತ ಬಿಸಿನೀರು, ನೀರಿಗೂ ಕಪ್ಪಿಗೂ ನಡುವೆ ಗಾಳಿಯ ಪದರ, ಹಾಗಾಗಿ ಎಣ್ಣೆ ಮೆಲ್ಲಗೆ ಕಾಯುತ್ತೆ. ಮುಚ್ಚಳದಲ್ಲಿ ಜಾರುವ ತಗಡು. ಅದು ಸರಿದಾಗ ಜ್ವಾಲೆ ತಾನೇ ಒಳಗೆ ಬಾಗುತ್ತೆ. ಎಷ್ಟು ಹೊತ್ತು? ಲೋಲಕ ಮೂರು ಸಲ ತೂಗುವಷ್ಟು. ಸಂಗೀತದ ಮೇಷ್ಟ್ರ ಮಗ ತಾಳ ಬಿಡಲಿಲ್ಲ ಅಂತ ನಮ್ಮಲ್ಲೊಬ್ಬ ತಮಾಷೆ ಮಾಡಿದ.

ಮುಚ್ಚಿದ ಕಪ್ಪಿನಲ್ಲಿ ಆವಿ ತಪ್ಪಿಸಿಕೊಳ್ಳಲ್ಲ, ಅದಕ್ಕೇ ಅಂಕಿ ಕೆಳಗೆ ಬರುತ್ತೆ. ಹಳೆಯ 100ಕ್ಕೆ ಹೊಸ ಉಪಕರಣದಲ್ಲಿ ಸಮ ಅಂತ 73 ಡಿಗ್ರಿ ಫ್ಯಾರನ್‌ಹೀಟ್ ಹಿಡಿದು 1879ರಲ್ಲಿ ಕಾನೂನು ಮಾಡಿದರು. ಅಳತೆ ಖಚಿತವಾಯ್ತು, ಮಿತಿ ಮಾತ್ರ ಬಿಗಿಯಾಗಲಿಲ್ಲ. 73 ಅಂದ್ರೆ 22.8 ಡಿಗ್ರಿ ಸೆಲ್ಸಿಯಸ್, ಉರಿಯುವ ದೀಪದ ಬುಡ್ಡಿ ಸುಲಭವಾಗಿ ದಾಟುವ ಬಿಸಿ. ದೀಪದ ಅವಘಡ ನಿಲ್ಲಲಿಲ್ಲ. ಮಿತಿ ಏರಿಸಿ ಅಂತ 1890ರ ದಶಕದಲ್ಲಿ ಸಂಸತ್ತಿನವರೆಗೂ ಜಗಳ ಹೋಯ್ತು. 73 ಅಲ್ಲಾಡಲಿಲ್ಲ. ಉಪಕರಣದಲ್ಲಿ ಆಬೆಲ್ ಅವರದು ನೂರಕ್ಕೆ ನೂರು, ಆದರೆ ಆ ಅಂಕಿ ಎಣ್ಣೆ ವ್ಯಾಪಾರಿಗಳಿಗೇ ಹೆಚ್ಚು ಅನುಕೂಲವಾಯ್ತು ಅಂತ ನಮಗನ್ಸುತ್ತೆ.

1883ರಲ್ಲಿ ಅವರು ಸರ್ ಆದರು, 1902ರಲ್ಲಿ ತೀರಿಕೊಂಡರು. ಭಾರತದ ಪೆಟ್ರೋಲಿಯಂ ಕಾಯ್ದೆಯಲ್ಲಿ ಇವತ್ತು 23 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೊತ್ತುವುದು ಎ ವರ್ಗ, ಪೆಟ್ರೋಲ್ ಅದರಲ್ಲಿ. 23ರಿಂದ 65ರ ನಡುವಿನದು ಬಿ ವರ್ಗ. ಸೀಮೆಎಣ್ಣೆ, ಡೀಸೆಲ್ ಎರಡಕ್ಕೂ ನಮ್ಮ ಮಾನಕದಲ್ಲಿ ಆಬೆಲ್ ವಿಧಾನದಿಂದ ಕನಿಷ್ಠ 35 ಬರಬೇಕು. ಸೀಮೆಎಣ್ಣೆಗೆ ಸ್ವಲ್ಪ ಪೆಟ್ರೋಲ್ ಬೆರೆತರೂ ಅಂಕಿ ಧಡ್ಡನೆ ಇಳಿದು ಕಲಬೆರಕೆ ಸಿಕ್ಕಿಬೀಳುತ್ತೆ.

ಊರಿನ ಲೆಕ್ಕ ಒಂದು ಬಾಕಿ ಇದೆ. ಕೊಪ್ಪ ಸಮುದ್ರಮಟ್ಟದಿಂದ 700 ಮೀಟರ್‌ಗೂ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಆವಿ ಬೇಗ ಏಳುತ್ತೆ. ಒತ್ತಡ ಒಂದು ಕಿಲೋಪ್ಯಾಸ್ಕಲ್ ಇಳಿದರೆ ಫ್ಲ್ಯಾಶ್ ಪಾಯಿಂಟ್ ಕಾಲು ಡಿಗ್ರಿ ಇಳಿಯುತ್ತೆ ಅಂತ ಹಿಡಿದರೆ, ಮಂಗಳೂರಿನಲ್ಲಿ 35 ತೋರಿಸಿದ ಎಣ್ಣೆ ಕೊಪ್ಪದಲ್ಲಿ ಸುಮಾರು 33ಕ್ಕೇ ಹೊತ್ತುತ್ತೆ. ಪೆಟ್ರೋಲಿಗೆ ಈ ಲೆಕ್ಕವೇ ಬೇಡ, ಅದರದು ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಕಳೆ ಕತ್ತರಿಸೋ ಮೆಷಿನ್ನಿಗೆ ಅಂತ ತಂದ ಪೆಟ್ರೋಲ್ ಕ್ಯಾನು ಮಲೆನಾಡಿನ ಮನೆಗಳಲ್ಲಿ ಎಷ್ಟೋ ಸಲ ಬಚ್ಚಲ ಪಕ್ಕದಲ್ಲೇ ಇರುತ್ತೆ. ಅದರ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತೆ. ಹಂಡೆ ಒಲೆಯ ಬೆಂಕಿಯೂ ನೆಲದಲ್ಲೇ. ಈ ದಸರಾ ರಜೆಗೆ ಊರಿಗೆ ಹೋದವರು ಆ ಕ್ಯಾನನ್ನು ಹೊರಗಿನ ಕೊಟ್ಟಿಗೆಗೆ ಸಾಗಿಸಿ.