ರೆವರೆಂಡ್ ಕಿಟ್ಟೆಲ್ ಪಂಡಿತರು

ನಮ್ಮ ಶಾಲೆಯ ಪುಸ್ತಕಭಂಡಾರದ ಕೆಳಗಣ ಹಲಗೆಯ ಮೇಲೆ ಬಹು ದಪ್ಪನಾದ ಪುಸ್ತಕವೊಂದು ಇರುವುದನ್ನು ಮೇಲಿನ ತರಗತಿಗಳ ಬಾಲಿಕೆಯರೆಲ್ಲರೂ ಬಲ್ಲರು. ಅದನ್ನು ಮೇಜಿನ ಬಳಿಗೆ ತರಬೇಕಾದರೆ ಇಬ್ಬರು ಕೂಡಿ ಹೋಗುವ ವಾಡಿಕೆಯುಂಟು. ಕನ್ನಡದ ಯಾವುದಾದರೊಂದು ಪದದ ವಿಷಯದಲ್ಲಿ ಉಪಾಧ್ಯಾಯಿನಿಯರಿಗೂ ವಿದ್ಯಾರ್ಥಿನಿಯರಿಗೂ ಅಭಿಪ್ರಾಯಭೇದ ಉಂಟಾದಾಗ ಕಿಟ್ಟೆಲನ್ನು ನೋಡೋಣವೆನ್ನುವುದು ನಮ್ಮಲ್ಲಿ ರೂಢಿಯ ಮಾತಾಗಿದೆ. ಇದರಿಂದ ಕಿಟ್ಟೆಲ್ ಎಂಬುದು ಪುಸ್ತಕದ ಹೆಸರೆಂದೇ ಕೆಲವರು ತಿಳಿದಿರುವಂತೆ ತೋರುತ್ತದೆ. ಅದು ಮನುಷ್ಯರೊಬ್ಬರ ಹೆಸರು. ಆ ಮಹನೀಯರು ಕನ್ನಡವನ್ನು ತಾಯಿಯ ಮಡಿಲಲ್ಲಿ ಕಲಿತವರಲ್ಲ. ಪರದೇಶದ ಭಾಷೆಯೆಂದೇ ಕಲಿತರು, ಮತ್ತು ಮುದುಕರಾಗುವವರೆಗೂ ಕಲಿಯುತ್ತಲೇ ಇದ್ದರು.

ಅವರ ಚರಿತ್ರೆಯನ್ನು ಈ ವರುಷದ ಸಂಚಿಕೆಯಲ್ಲಿ ಬರೆಯುವುದಕ್ಕೆ ಕಾರಣವೊಂದುಂಟು. ಕಳೆದ ಜೂನ್ ತಿಂಗಳಲ್ಲಿ ಕೆಳಗಿನ ತರಗತಿಯ ಬಾಲಿಕೆಯೊಬ್ಬಳ ಅಜ್ಜಿಯವರು ನಮ್ಮನ್ನು ಕಾಣಲು ಬಂದರು. ಅವರು ಬಂಗಾಳದವರು, ಉದ್ಯೋಗದಿಂದ ನಿವೃತ್ತರಾಗಿ, ವೈಟ್‌ಫೀಲ್ಡಿನ ಕಚೇರಿಯೊಂದರಲ್ಲಿ ಕೆಲಸಮಾಡುವ ಮಗನ ಮನೆಗೆ ಬಂದು ನೆಲಸಿರತಕ್ಕವರು. ಮೊಮ್ಮಗಳು ಓದುವ ಕನ್ನಡವನ್ನು ತಾವೂ ಓದಬೇಕೆಂದಿರುವುದಾಗಿಯೂ ಒಂದನೆಯ ತರಗತಿಯ ಪಾಠಪುಸ್ತಕ ದೊರೆಯಬಹುದೇ ಎಂದೂ ಅವರು ವಿಚಾರಿಸಿದರು. ಈ ವಯಸ್ಸಿನಲ್ಲಿ ಅಷ್ಟೊಂದು ಶ್ರಮವೇಕೆಂದು ನಾವು ನಗುತ್ತ ಹೇಳಿಬಿಟ್ಟೆವು. ಅವರೂ ನಕ್ಕು, ನಮಸ್ಕರಿಸಿ ಹೊರಟುಹೋದರು. ಆ ಸಂಜೆ ಪದವೊಂದನ್ನು ಹುಡುಕುವುದಕ್ಕಾಗಿ ನಿಘಂಟನ್ನು ತೆರೆದಾಗ ಮೊದಲ ಪುಟದಲ್ಲಿರುವ ಹೆಸರು ನಮ್ಮ ಕಣ್ಣಿಗೆ ಬಿದ್ದಿತು. ವಿದ್ಯೆಯನ್ನು ಕೇಳಿ ಬಂದವರನ್ನು ವಿದ್ಯಾಶಾಲೆಯ ಬಾಗಿಲಿನಿಂದ ಹಿಂದಿರುಗಿಸಿದೆವಲ್ಲಾ ಎಂದು ನಮಗೆ ಬಹಳ ನಾಚಿಕೆಯಾಯಿತು.

ಫರ್ಡಿನೆಂಡ್ ಕಿಟ್ಟೆಲರು 1832ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ, ಉತ್ತರ ಜರ್ಮನಿಯ ಸಮುದ್ರತೀರದಲ್ಲಿರುವ ಪೂರ್ವ ಫ್ರೀಸಿಯ ಪ್ರಾಂತ್ಯದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ಅವರ ತಂದೆಯವರು ಸಭಾಪಾಲಕರಾಗಿದ್ದರು. ಅದೇ 1832ರಲ್ಲಿ ರೀವ್ ಎಂಬ ಪಾದ್ರಿಗಳು ರಚಿಸಿದ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಪ್ರಕಟವಾಯಿತು. ಅಂದು ಹುಟ್ಟಿದ ಶಿಶುವೇ ಮುಂದೆ ಆ ಗ್ರಂಥವನ್ನು ಬಹುದೂರ ಮೀರಿಸುವ ನಿಘಂಟನ್ನು ಬರೆದೀತೆಂದು ಯಾರು ತಾನೆ ಊಹಿಸಬಲ್ಲರು! ಬಾಲಕನು ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನೂ ಫ್ರೆಂಚ್ ಇಂಗ್ಲಿಷುಗಳನ್ನೂ ಅಭ್ಯಾಸಮಾಡಿದನು. ಹದಿನೆಂಟನೆಯ ವಯಸ್ಸಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ಸೆಮಿನೆರಿಯನ್ನು ಸೇರಿ, 1853ರಲ್ಲಿ, ಇನ್ನೂ ಇಪ್ಪತ್ತೊಂದು ವರುಷದ ತರುಣನಾಗಿರುವಾಗಲೇ, ಕನ್ನಡನಾಡಿಗೆ ಬಂದನು.

ಬಾಸೆಲ್ ಮಿಷನ್ನಿನವರು 1834ರಲ್ಲಿಯೇ ಮಂಗಳೂರಿಗೆ ಬಂದು, 1841ರಲ್ಲಿ ಅಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದ್ದರು. ಕನ್ನಡದ ಮೊದಲ ಸಮಾಚಾರಪತ್ರಿಕೆಯನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್ ಪಂಡಿತರು ಹಳೆಯ ಓಲೆಗ್ರಂಥಗಳನ್ನು ಕೂಡಿಸಿ ಅಚ್ಚುಹಾಕಿಸುವ ಕಾರ್ಯವನ್ನು ಆರಂಭಿಸಿದ್ದರು. ಕಿಟ್ಟೆಲರಿಗೆ ದಾರಿಯು ಹೀಗೆ ಸ್ವಲ್ಪಮಟ್ಟಿಗೆ ಸವೆದು ಸಿದ್ಧವಾಗಿದ್ದಿತು. ಆದರೆ ನಡೆಯುವ ಕಾಲು ಅವರದೇ ಆಗಬೇಕಷ್ಟೆ. ಧಾರವಾಡ, ಮಂಗಳೂರು, ಮಡಿಕೇರಿ ಮೊದಲಾದ ಸ್ಥಳಗಳಲ್ಲಿ ಅವರು ಕೆಲಸಮಾಡಿದರು. ಹೋದಲ್ಲೆಲ್ಲ ಜನರ ಮಾತಿಗೆ ಕಿವಿಗೊಟ್ಟರು. ಜರ್ಮನ್ ನಾಲಗೆಗೆ ತಕಾರ ಟಕಾರಗಳ ಭೇದವೂ ಲಕಾರ ಳಕಾರಗಳ ಭೇದವೂ ಸುಲಭವಾದವುಗಳಲ್ಲ. ನಮ್ಮ ಮಕ್ಕಳು ಯೋಚಿಸದೆಯೇ ನುಡಿಯುವ ಬಂದಳು, ಬಂದನು, ಬಂದಿತು ಎಂಬ ರೂಪಗಳನ್ನು ಪರದೇಶಿಯು ಒಂದೊಂದಾಗಿ ಸಾಧಿಸಬೇಕು. ತರುಣ ಕಿಟ್ಟೆಲರು ಕನ್ನಡಿಗರ ನಡುವೆ ಕನ್ನಡಿಗರಂತೆಯೇ ಆಗಬೇಕೆಂಬ ಹಂಬಲದಿಂದ ಹಗಲಿನ ಬಹುಭಾಗವನ್ನು ಭಾಷಾಭ್ಯಾಸದಲ್ಲಿ ಕಳೆಯುತ್ತಿದ್ದರು.

ಇದು ಅವರ ಮಿಷನ್ನಿನ ಹಿರಿಯರೆಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಬೋಧಿಸಲು ಬಂದವನು ಪುಸ್ತಕಗಳಲ್ಲಿ ಮುಳುಗಿರುವುದು ಸರಿಯಲ್ಲವೆಂದು ಅವರಿಗೆ ತೋರಿತು. ಈ ಅಸಮಾಧಾನದ ಕಾವನ್ನು ಕಿಟ್ಟೆಲರು ಬಹುಕಾಲ ಸಹಿಸಬೇಕಾಯಿತು. ಗೃಹಕೃತ್ಯದಲ್ಲಿಯೂ ಅವರಿಗೆ ದುಃಖವು ತಪ್ಪಲಿಲ್ಲ. 1860ರಲ್ಲಿ ಪೌಲೀನ ಐತ್ ಎಂಬಾಕೆಯನ್ನು ವಿವಾಹವಾದರು. ಆಕೆಯು ಕೆಲವೇ ವರುಷಗಳಲ್ಲಿ ತೀರಿಕೊಂಡಳು. ಮುಂದೆ ಆಕೆಯ ಸಹೋದರಿಯಾದ ಯೂಲಿಯವರು ಅವರ ಕೈಹಿಡಿದರು. ಪಂಡಿತರ ಚರಿತ್ರೆಗಳಲ್ಲಿ ಇಂಥ ಸ್ತ್ರೀಯರಿಗೆ ಒಂದೆರಡು ಸಾಲುಗಳಿಗಿಂತ ಹೆಚ್ಚು ಸ್ಥಳ ದೊರೆಯುವುದಿಲ್ಲ. ನಿಘಂಟಿನ ಹಾಳೆಗಳ ಹಿಂದೆ ಒಂದು ಮನೆಯೂ ಸವೆದಿರುವುದೆಂಬುದನ್ನು ನಮ್ಮ ಬಾಲಿಕೆಯರು ಮರೆಯದಿರಲಿ.

ಅಭ್ಯಾಸದ ಫಲವು ಒಂದೊಂದಾಗಿ ಕಾಣಿಸಿಕೊಂಡಿತು. 1862ರಲ್ಲಿ ಕ್ರಿಸ್ತಚರಿತ್ರೆಯನ್ನು ಈ ದೇಶದ ಪದ್ಯರೀತಿಯಲ್ಲಿ ಹೇಳುವ ಕಥಾಮಾಲೆ ಎಂಬ ಪುಸ್ತಕವನ್ನು ಪ್ರಕಟಿಸಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಪರಿಷ್ಕರಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಒಂದು ಹಳೆಗನ್ನಡದ ವ್ಯಾಕರಣ, ಮತ್ತೊಂದು ಛಂದಸ್ಸು. ಎರಡೂ ಓದುಬಲ್ಲ ಕನ್ನಡಿಗರಿಗೂ ಕಬ್ಬಿಣದ ಕಡಲೆಗಳೇ. ಇಷ್ಟು ಹೊತ್ತಿಗೆ ಅವರಿಗೆ ನಲವತ್ತು ವರುಷಗಳು ಕಳೆದಿದ್ದುವು. ಆ ವಯಸ್ಸಿನಲ್ಲಿ ಮಹಾನಿಘಂಟಿನ ಕೆಲಸವನ್ನು ಕೈಗೆತ್ತಿಕೊಂಡರು.

ನಿಘಂಟೆಂದರೆ ಪದಗಳ ಪಟ್ಟಿ ಮಾತ್ರವೆಂದು ತಿಳಿಯಕೂಡದು. ಈ ಕೆಲಸವು ಕಿಟ್ಟೆಲರನ್ನು ಹೇಗೆ ಮತ್ತೆ ಮತ್ತೆ ವಿದ್ಯಾರ್ಥಿಯನ್ನಾಗಿ ಮಾಡಿತೆಂಬುದನ್ನು ಉದಾಹರಣೆಯಿಂದ ತಿಳಿಸುವೆವು. ಬಾಳು ಎಂಬುದಕ್ಕೆ ಜೀವಿಸು ಎಂದರ್ಥ. ಹಳೆಯ ಕಾವ್ಯಗಳಲ್ಲಿ ಬಾಳ್ ಎಂದರೆ ಕತ್ತಿ. ಇಂದಿನ ಬರವಣಿಗೆಯಲ್ಲಿ ಎರಡಕ್ಕೂ ಒಂದೇ ಳಕಾರ. ಆದರೆ ಹಳೆಗನ್ನಡದಲ್ಲಿ ಮೊದಲನೆಯದನ್ನು ಬಾೞ್ ಎಂದು ಬೇರೊಂದು ಅಕ್ಷರದಿಂದ ಬರೆಯುತ್ತಿದ್ದರು. ಆ ಧ್ವನಿಯು ಕನ್ನಡದಲ್ಲಿ ಅಡಗಿಹೋಯಿತು. ತಮಿಳು ಮಲಯಾಳಗಳಲ್ಲಿ ಇಂದಿಗೂ ಜೀವಂತವಾಗಿದೆ. ನಾವು ಮಳೆ ಎನ್ನುವುದೂ ಬಾಳೆ ಎನ್ನುವುದೂ ಆ ಭಾಷೆಗಳಲ್ಲಿ ಆ ಹಳೆಯ ಧ್ವನಿಯಿಂದಲೇ ನುಡಿಯಲ್ಪಡುತ್ತವೆ. ಅದರಂತೆ ನಮ್ಮ ಹಾಲು ಹಳೆಗನ್ನಡದಲ್ಲಿ ಪಾಲ್. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಈಗಲೂ ಪಾಲ್, ತೆಲುಗಿನಲ್ಲಿ ಪಾಲು. ಆದುದರಿಂದ ಒಂದು ಕನ್ನಡ ಪದದ ಕುಲಗೋತ್ರವನ್ನು ಅರಿಯಬೇಕಾದರೆ ಅದರ ಅಕ್ಕತಂಗಿಯರ ಮನೆಗಳಿಗೂ ಹೋಗಿ ವಿಚಾರಿಸಬೇಕಾಗುವುದು. ಕಿಟ್ಟೆಲರು ಹಾಗೆಯೇ ಮಾಡಿದರು. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸಮಾನಪದಗಳನ್ನು ಪದಪದದ ಪಕ್ಕದಲ್ಲಿ ಜೋಡಿಸಿದರು. ಸಂಸ್ಕೃತದಿಂದ ಬಂದವುಗಳನ್ನು ಬೇರ್ಪಡಿಸಿ ತೋರಿಸಿದರು. ಅಷ್ಟೇ ಅಲ್ಲ, ದ್ರಾವಿಡದಿಂದ ಸಂಸ್ಕೃತವು ಪಡೆದುಕೊಂಡಿರಬಹುದಾದ ಪದಗಳ ಪಟ್ಟಿಯೊಂದನ್ನೂ ಪೀಠಿಕೆಯಲ್ಲಿ ಕೊಟ್ಟರು. ಒಂದು ಭಾಷೆಯನ್ನು ಚೆನ್ನಾಗಿ ಕಲಿಯಲು ಹೊರಟವರು ಐದಾರನ್ನು ಕಲಿಯಬೇಕಾಯಿತು.

1877ರಲ್ಲಿ ಅವರು ಜರ್ಮನಿಗೆ ಮರಳಿದರು. ಅಲ್ಲಿಯೂ ಹಸ್ತಪ್ರತಿಯನ್ನು ಬಿಡಲಿಲ್ಲ. ಆದರೆ ಗ್ರಂಥಗಳಲ್ಲಿ ದೊರೆಯದ ಮಾತುಗಳನ್ನು ಯಾರನ್ನು ಕೇಳುವುದು? ರೈತನು ತನ್ನ ನೇಗಿಲಿನ ಭಾಗಗಳಿಗೆ ಏನೆನ್ನುವನು, ಹೆಂಗಸರು ಮನೆಯಲ್ಲಿ ಯಾವ ಗಾದೆಯನ್ನು ಯಾವ ಸಂದರ್ಭದಲ್ಲಿ ಆಡುವರು ಎಂಬುದು ಜರ್ಮನಿಯ ಕೊಠಡಿಯಲ್ಲಿ ಕುಳಿತು ತಿಳಿಯತಕ್ಕದ್ದಲ್ಲ. ಆದಕಾರಣ 1883ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ, ತಾಯ್ನಾಡಿನ ನೆಮ್ಮದಿಯನ್ನು ಹಿಂದೆ ಬಿಟ್ಟು ಅವರು ಮತ್ತೆ ಕನ್ನಡನಾಡಿಗೆ ಬಂದರು. ಎರಡು ಬಾರಿಯ ಆಗಮನಗಳನ್ನು ಹೋಲಿಸಿ ನೋಡಿರಿ. ಮೊದಲು ಬಂದಾಗ ಯೌವನವಿದ್ದಿತು, ಭಾಷೆ ತಿಳಿದಿರಲಿಲ್ಲ. ಎರಡನೆಯ ಸಲ ಬಂದಾಗ ಯೌವನವಿರಲಿಲ್ಲ. ಭಾಷೆಯು ತಿಳಿದಿದ್ದರೂ ಇನ್ನೂ ಎಷ್ಟು ತಿಳಿಯದೆಂಬ ಅರಿವು ಮಾತ್ರ ಬೆಳೆದಿದ್ದಿತು. ಈ ಅರಿವೇ ಅವರನ್ನು ಸಮುದ್ರ ದಾಟಿಸಿತೆಂದು ನಾವು ಭಾವಿಸುತ್ತೇವೆ. ನಮ್ಮ ವೈಟ್‌ಫೀಲ್ಡ್ ಊರು ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಸ್ಥಾಪನೆಯಾದದ್ದು 1882ರಲ್ಲಿ. ಇಂಗ್ಲಿಷನ್ನಾಡುವ ಜನರು ಇಲ್ಲಿ ಮನೆಕಟ್ಟುವ ಆ ಕಾಲದಲ್ಲಿಯೇ ಜರ್ಮನಿಯ ಈ ಹಿರಿಯರು ಕನ್ನಡಿಗರ ಮುಂದೆ ಕುಳಿತು ಅವರ ಮಾತನ್ನು ಬರೆದುಕೊಳ್ಳುತ್ತಿದ್ದರು.

ಒಂಬತ್ತು ವರುಷಗಳು ಹೀಗೆ ದುಡಿದು, ಊರ ಪಂಡಿತರ ಸಹಾಯವನ್ನು ಪಡೆದು, 1892ರಲ್ಲಿ, ಅರುವತ್ತನೆಯ ವಯಸ್ಸಿನಲ್ಲಿ, ಕೆಲಸವನ್ನು ಮುಗಿಸಿ ಅವರು ಸ್ವದೇಶಕ್ಕೆ ಹಿಂದಿರುಗಿದರು. 1894ರಲ್ಲಿ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಸಾವಿರದ ಏಳುನೂರಕ್ಕೆ ಮೀರಿದ ಪುಟಗಳು, ಸುಮಾರು 70,000 ಪದಗಳು. ಪದವು ಯಾವ ಗ್ರಂಥದಿಂದ ಬಂದಿತೆಂಬ ಸೂಚನೆ, ಪ್ರಯೋಗ, ಗಾದೆ ಇವೆಲ್ಲವೂ ಅದರಲ್ಲಿವೆ. ಅರ್ಥಗಳನ್ನು ಇಂಗ್ಲಿಷಿನಲ್ಲಿ ಬರೆದಿರುವರು. ಇಂಗ್ಲಿಷೂ ಕಿಟ್ಟೆಲರ ಮಾತೃಭಾಷೆಯಲ್ಲವೆಂಬುದನ್ನು ಜ್ಞಾಪಕದಲ್ಲಿಡಬೇಕು. ಕಲಿತ ಒಂದು ಭಾಷೆಯ ಸಂಪತ್ತನ್ನು ಕಲಿತ ಮತ್ತೊಂದು ಭಾಷೆಯಲ್ಲಿ ಅಳೆದುಕೊಟ್ಟರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು.

ಇಷ್ಟಾದ ಮೇಲೆ ವಿಶ್ರಾಂತಿಯನ್ನು ಪಡೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಟ್ಯೂಬಿಂಗೆನ್ ಪಟ್ಟಣದಲ್ಲಿ, ಕನ್ನಡದ ಒಂದು ಮಾತೂ ಬೀದಿಯಲ್ಲಿ ಕೇಳಿಬಾರದ ಸ್ಥಳದಲ್ಲಿ, ಆ ವೃದ್ಧರು ಕನ್ನಡ ವ್ಯಾಕರಣದಲ್ಲಿ ನಿರತರಾಗಿದ್ದರು. ಹಳೆಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಆ ಗ್ರಂಥವು 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದೇ ವರುಷದ ಡಿಸೆಂಬರ್ 18ರಂದು ಕಿಟ್ಟೆಲರು ಟ್ಯೂಬಿಂಗೆನ್ನಿನಲ್ಲಿ ದೈವಾಧೀನರಾದರು. ಅವರಿಗೆ ಎಪ್ಪತ್ತೊಂದು ವರುಷ ವಯಸ್ಸಾಗಿದ್ದಿತು. ಕನ್ನಡವನ್ನು ಕಲಿಯಲಾರಂಭಿಸಿ ಅರ್ಧ ಶತಮಾನ ಸರಿಯಾಗಿ ತುಂಬಿದ್ದಿತು.

ಅವರ ನಿಘಂಟನ್ನು ಮುಂದೆ ಮರಿಯಪ್ಪ ಭಟ್ಟರು ವಿಸ್ತರಿಸಿ ಮದರಾಸು ವಿಶ್ವವಿದ್ಯಾನಿಲಯದ ಮೂಲಕ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಮಹಾನಿಘಂಟನ್ನು 1995ಕ್ಕೆ ಪೂರೈಸಿತು. ಆದರೂ ಕಿಟ್ಟೆಲರ ಪುಸ್ತಕವು ಮೂಲೆಗೆ ಸೇರಲಿಲ್ಲ. ಬೆಂಗಳೂರಿನ ಮೇಯೋ ಹಾಲಿನ ಬಳಿ ಅವರ ಪ್ರತಿಮೆಯನ್ನು ಸ್ಥಾಪಿಸಿದರು. ಆಸ್ಟಿನ್ ಟೌನಿಗೆ ಅವರ ಹೆಸರನ್ನಿಟ್ಟರು.

ಪ್ರಿಯ ಬಾಲಿಕೆಯರೇ, ಎಳೆಯ ನಾಲಗೆಯು ಬೇಗ ತಿರುಗುವುದೆಂಬುದು ನಿಜ. ನೀವು ಎಂಟು ದಿನಗಳಲ್ಲಿ ಕಲಿತದ್ದನ್ನು ನಿಮ್ಮ ಅಜ್ಜಿಯರು ಎಂಟು ತಿಂಗಳಲ್ಲಿ ಕಲಿಯಬಹುದು. ಆದರೆ ಮಾತಿನ ಕೆಲವು ಅರ್ಥಗಳು ಬದುಕನ್ನು ಕಂಡವರಿಗಲ್ಲದೆ ತಿಳಿಯವು. ಗಾದೆಗಳನ್ನು ಕೂಡಿಸುವುದಕ್ಕೆ ಐವತ್ತು ದಾಟಿದ ಕಿಟ್ಟೆಲರಿಗಿದ್ದ ಯೋಗ್ಯತೆಯು ಇಪ್ಪತ್ತೊಂದು ವರುಷದ ಕಿಟ್ಟೆಲರಿಗೆ ಇದ್ದಿರಲಾರದು. ನಮ್ಮ ಸುತ್ತಲಿನ ಈ ಕಾರ್ಖಾನೆಗಳ ಮತ್ತು ಗಣಕಯಂತ್ರದ ಕಚೇರಿಗಳ ಬಡಾವಣೆಗಳಿಗೆ ಮಕ್ಕಳ ಹಿಂದೆ ಬಂದ ವೃದ್ಧರು ಎಷ್ಟೋ ಮಂದಿ ಇರುವರು. ತರಕಾರಿ ಮಾರುವವಳೊಡನೆಯೂ ನೆರೆಮನೆಯವರೊಡನೆಯೂ ಮಾತಿಲ್ಲದೆ ಅವರು ದಿನಗಳನ್ನು ಕಳೆಯುತ್ತಾರೆ. ಅವರಿಗೆ ಅಕ್ಷರ ತೋರಿಸುವ ಕೆಲಸವನ್ನು ನಿಮ್ಮಲ್ಲಿ ಯಾರೂ ಮಾಡಬಲ್ಲಿರಿ.

ಮರುದಿನವೇ ನಾವು ಆ ಅಜ್ಜಿಯವರ ಮನೆಗೆ ಹೋಗಿ ಕ್ಷಮೆ ಬೇಡಿ ಪಾಠಪುಸ್ತಕವನ್ನು ಕೊಟ್ಟುಬಂದೆವು. ಈಗ ಅವರು ಶನಿವಾರಗಳಂದು ಶಾಲೆಗೆ ಬರುತ್ತಾರೆ. ಒತ್ತಕ್ಷರಗಳ ಪಾಠವನ್ನು ತಲಪಿದ್ದಾರೆ. ಬಸ್ಸಿನ ಹಲಗೆಯನ್ನು ತಾವೇ ಓದಿಕೊಂಡು ಕಾಡುಗೋಡಿಗೆ ಹೋಗಿಬಂದ ದಿನ ನಮಗೆ ಸಿಹಿ ತಂದರು. ನಾವು ಅವರಿಂದ ಬಂಗಾಳಿ ಅಕ್ಷರಗಳನ್ನು ಹೇಳಿಸಿಕೊಳ್ಳುತ್ತಿದ್ದೇವೆ. ನಲವತ್ತು ದಾಟಿದ ನಮ್ಮ ಪ್ರಗತಿಯು ಹೇಳಿಕೊಳ್ಳುವಂತಹದಲ್ಲ. ಆದರೆ ಅವರು ಇದುವರೆಗೆ ಒಮ್ಮೆಯೂ ನಮ್ಮನ್ನು ನೋಡಿ ನಗಲಿಲ್ಲ.