ನಾಲ್ಕೇ ಗ್ಲಾಸ್ ಬಿಯರ್ ಕುಡಿದು ತೀರ್ಪು ಕೊಡಬಹುದಾ? ಹೆಸರು ಬಚ್ಚಿಟ್ಟು ಬದುಕಿದ ಒಬ್ಬ ಬ್ರೂವರ್‌ನ ಕಥೆ

ಎಂಜಿನಿಯರಿಂಗ್‌ನಲ್ಲಿ ಎಂ-4 ಪೇಪರ್ ಬರೆದವರಿಗೆ ‘ಸ್ಟೂಡೆಂಟ್ಸ್ ಟಿ ಟೆಸ್ಟ್’ ನೆನಪಿರುತ್ತೆ. ಫಾರ್ಮುಲಾ ಬಾಯಿಪಾಠ ಮಾಡು, ಟೇಬಲ್ ನೋಡು, ಹೈಪಾಥಿಸಿಸ್ ರಿಜೆಕ್ಟ್ ಅಂತ ಬರೆ, ಮಾರ್ಕ್ಸ್ ತಗೋ. ನಾನಂತೂ ಅದು ನಮ್ಮಂಥ ವಿದ್ಯಾರ್ಥಿಗಳಿಗೋಸ್ಕರ ಯಾರೋ ಸುಲಭ ಮಾಡಿಕೊಟ್ಟ ಟೆಸ್ಟ್ ಅಂದ್ಕೊಂಡಿದ್ದೆ. ‘ಸ್ಟೂಡೆಂಟ್’ ಅನ್ನೋದು ಒಬ್ಬ ಮನುಷ್ಯನ ಗುಪ್ತನಾಮ, ಆತ ಬಿಯರ್ ತಯಾರಿಸೋ ಕಂಪನಿಯ ನೌಕರ, ಆ ಟೆಸ್ಟ್ ಹುಟ್ಟಿದ್ದೇ ಬಾರ್ಲಿ, ಹಾಪ್ಸ್, ಯೀಸ್ಟ್‌ಗಳ ನಡುವೆ ಅಂತ ಯಾರೂ ಹೇಳಿರಲಿಲ್ಲ. ಗೊತ್ತಾಗಿದ್ದು ಓದು ಮುಗಿದು ಎಷ್ಟೋ ವರ್ಷಗಳ ಮೇಲೆ, ಅದೂ ನನಗೆ ಒಂದು ಸಣ್ಣ ಅವಮಾನ ಆದಮೇಲೆ.

ನಾವು ಐದು ಜನ ಗೆಳೆಯರು ತಿಂಗಳಿಗೊಮ್ಮೆ ಸೇರಿ ಹೊಸ ಹೊಸ ಕ್ರಾಫ್ಟ್ ಬಿಯರ್ ರುಚಿ ನೋಡ್ತೀವಿ. ಯಾರಿಗೆ ಯಾವುದು ಸಿಕ್ಕಿತು, ಯಾವುದು ಹೇಗಿದೆ ಅಂತ ಸ್ಟಾರ್ ಕೊಡ್ತೀವಿ, ಹಂಚಿಕೊಳ್ತೀವಿ. ಹೀಗೇ ಒಂದು ಸಲ ಒಂದು ಸಣ್ಣ ಕಂಪನಿಯ ವೀಟ್ ಬಿಯರ್ ಒಂದೇ ಗ್ಲಾಸ್ ಕುಡಿದು, ಎರಡು ಸ್ಟಾರ್ ಕೊಟ್ಟು, ಉದ್ದಕ್ಕೆ ಬೈದು ಬರೆದೆ. ಓದಿದವರು ಬಹಳ ಜನ. ಮುಂದಿನ ತಿಂಗಳು ಒಬ್ಬ ಗೆಳೆಯ ನನಗೊಂದು ಪರೀಕ್ಷೆ ಇಟ್ಟ. ಮೂರು ಗ್ಲಾಸ್, ಎರಡರಲ್ಲಿ ಒಂದೇ ಬಿಯರ್, ಇನ್ನೊಂದರಲ್ಲಿ ಬೇರೆ. ಒಂದು ನಾನು ಬೈದದ್ದು, ಇನ್ನೊಂದು ಹೊಗಳಿದ್ದು. ಬೇರೆಯಾಗಿರುವ ಗ್ಲಾಸ್ ಯಾವುದು ಹೇಳಬೇಕು, ಅಷ್ಟೇ. ಆರು ಸುತ್ತು ನಡೆಯಿತು. ನಾನು ಸರಿಯಾಗಿ ಹೇಳಿದ್ದು ಮೂರು.

ಅರ್ಧಕ್ಕರ್ಧ ಸರಿ ಅಂತ ಬೀಗೋಣ ಅಂದ್ರೆ ಲೆಕ್ಕ ಬಿಡಬೇಕಲ್ಲ. ನಾಲಿಗೆಗೆ ಏನೂ ಗೊತ್ತಾಗದೆ ಬರೀ ಊಹೆ ಮಾಡಿದರೂ ಆರರಲ್ಲಿ ಮೂರು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ 729ಕ್ಕೆ 233. ಅಂದರೆ ಸುಮಾರು ಮೂರು ಸಲಕ್ಕೆ ಒಂದು ಸಲ. ಅಷ್ಟು ದುರ್ಬಲ ನಾಲಿಗೆ ಇಟ್ಟುಕೊಂಡು ಯಾರದೋ ದುಡಿಮೆಗೆ ಎರಡು ಸ್ಟಾರ್ ಕೊಟ್ಟಿದ್ದೆ. ಕಡಿಮೆ ಸ್ಯಾಂಪಲ್ ಇಟ್ಟುಕೊಂಡು ಎಷ್ಟು ಧೈರ್ಯವಾಗಿ ಮಾತಾಡಬಹುದು ಅನ್ನೋ ಪ್ರಶ್ನೆ ಹಿಡಿದು ಹೊರಟಾಗ ಸಿಕ್ಕಿದವನೇ ವಿಲಿಯಂ ಸೀಲಿ ಗೊಸೆಟ್.

ಲ್ಯಾಬ್‌ಗೆ ಬಂದ ಮಿಲಿಟರಿ ಅಧಿಕಾರಿಯ ಮಗ

ಗೊಸೆಟ್ ಹುಟ್ಟಿದ್ದು 1876ರ ಜೂನ್ 13ರಂದು, ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ. ಅಪ್ಪ ಸೈನ್ಯದಲ್ಲಿ ಕರ್ನಲ್. ಮಗನೂ ಸೈನ್ಯದ ಎಂಜಿನಿಯರ್ ಆಗಬೇಕಿತ್ತು, ಆದರೆ ಕಣ್ಣಿನ ದೃಷ್ಟಿ ಸರಿಯಿಲ್ಲ ಅಂತ ಆ ಬಾಗಿಲು ಮುಚ್ಚಿತು. ವಿಂಚೆಸ್ಟರ್ ಶಾಲೆ, ಆಮೇಲೆ ಆಕ್ಸ್‌ಫರ್ಡಿನ ನ್ಯೂ ಕಾಲೇಜ್. ಗಣಿತ, ರಸಾಯನಶಾಸ್ತ್ರ ಎರಡರಲ್ಲೂ ಫಸ್ಟ್ ಕ್ಲಾಸ್. 1899ರಲ್ಲಿ ಡಬ್ಲಿನ್‌ಗೆ ಹೋಗಿ ಗಿನ್ನೆಸ್ ಕಂಪನಿ ಸೇರಿದ. ಆಗ ಅದು ಜಗತ್ತಿನ ಅತಿ ದೊಡ್ಡ ಬ್ರೂವರಿ ಎನಿಸಿಕೊಂಡಿತ್ತು.

ಇಲ್ಲೊಂದು ವಿಷಯ ಗಮನಿಸಿ. ಐರ್ಲೆಂಡ್ ಆಗ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಗಿನ್ನೆಸ್ ತನ್ನ ಮೇಲಿನ ಹುದ್ದೆಗಳಿಗೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಲ್ಲಿ ಓದಿದ ಹುಡುಗರನ್ನು ಕರೆತರುತ್ತಿತ್ತು. ಗೊಸೆಟ್ ಬಂದದ್ದೂ ಹಾಗೇ. ಅವನ ಸಾಮಾಜಿಕ ಸ್ಥಾನ ಯಾವುದು ಅನ್ನೋದನ್ನು ಮರೆತು ಅವನನ್ನು ಬಡ ವಿಜ್ಞಾನಿ ಮಾಡೋದು ಬೇಡ. ಆದರೆ ಸ್ಥಾನ ಸಿಕ್ಕ ಮೇಲೆ ಅವನು ಮಾಡಿದ ಕೆಲಸ ನೋಡೋಣ.

ಅದುವರೆಗೂ ಬ್ರೂವರಿಗಳಲ್ಲಿ ತೀರ್ಪು ಕೊಡುತ್ತಿದ್ದದ್ದು ಅನುಭವಿಗಳ ಕಣ್ಣು, ಮೂಗು, ಬೆರಳು. ಹಾಪ್ಸ್ ಕೈಯಲ್ಲಿ ಉಜ್ಜಿ ಮೂಸಿ ಚೆನ್ನಾಗಿದೆ ಅನ್ನೋರು. ಲಕ್ಷಾಂತರ ಪೀಪಾಯಿ ತಯಾರಿಸುವ ಕಂಪನಿಗೆ ಅದು ಸಾಲದಾಯಿತು. ಹೊಸ ಕೆಮಿಸ್ಟ್‌ಗಳು ಎಲ್ಲವನ್ನೂ ಅಳೆಯತೊಡಗಿದರು. ಆದರೆ ಅಳತೆ ಪ್ರತಿ ಸಲವೂ ಸ್ವಲ್ಪ ಬೇರೆ ಬರುತ್ತೆ. ಅದೇ ಮಾಲ್ಟ್, ಅದೇ ನೀರು, ಆದರೂ ಒಂದು ಸಲ ಬಂದ ಅಂಕಿ ಇನ್ನೊಂದು ಸಲ ಬರಲ್ಲ. ಸಾವಿರ ಸಲ ಅಳೆದರೆ ಸರಾಸರಿ ನಂಬಬಹುದು. ಸಾವಿರ ಸಲ ಅಳೆಯೋಕೆ ಸಮಯ, ದುಡ್ಡು ಎಲ್ಲಿದೆ? ಬಾರ್ಲಿಯ ಒಂದು ತಳಿ ಪರೀಕ್ಷಿಸಬೇಕಾದರೆ ವರ್ಷಕ್ಕೆ ಒಂದೇ ಬೆಳೆ.

1904ರಲ್ಲಿ ಗೊಸೆಟ್ ಕಂಪನಿಗೆ ಒಂದು ಒಳವರದಿ ಬರೆದುಕೊಟ್ಟ. ಅಳತೆಯ ತಪ್ಪುಗಳ ಗಣಿತವನ್ನು ಬ್ರೂವರಿ ಕೆಲಸಕ್ಕೆ ಹೇಗೆ ಬಳಸಬಹುದು ಅನ್ನೋದೇ ಅದರ ವಿಷಯ. ಮಾಲ್ಟ್‌ನಿಂದ ಬರುವ ಸಕ್ಕರೆ ಅಂಶವನ್ನು ಇಂತಿಷ್ಟು ನಿಖರವಾಗಿ ತಿಳಿಯಬೇಕಾದರೆ ಎಷ್ಟು ಸಲ ಅಳೆಯಬೇಕು ಅಂತ ಲೆಕ್ಕ ಹಾಕಿದ. ನೂರಾರು ಸಲ ಬೇಕಿಲ್ಲ, ನಾಲ್ಕು ಸಲ ಸಾಕು, ಸರಿಯಾಗಿರುವ ಸಾಧ್ಯತೆ ತಪ್ಪಾಗುವ ಸಾಧ್ಯತೆಯ ಹತ್ತು ಪಟ್ಟಿಗಿಂತ ಮೇಲಿದೆ ಅನ್ನುವಂಥ ಲೆಕ್ಕ ಅದು. ಪೂರ್ತಿ ಸತ್ಯ ಎಷ್ಟು ದುಬಾರಿ, ಅರ್ಧ ಸತ್ಯ ಎಷ್ಟು ಅಪಾಯ? ಅವನ ಇಡೀ ಜೀವನದ ಪ್ರಶ್ನೆ ಇದೇ ಆಗಿತ್ತು.

ಮೂರು ಸಾವಿರ ರಟ್ಟಿನ ಚೂರು

1905ರಲ್ಲಿ ಅವನು ಲಂಡನ್ನಿನ ದೊಡ್ಡ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್‌ಸನ್‌ನನ್ನು ಭೇಟಿಯಾದ. ಮರುವರ್ಷ ಕಂಪನಿಯೇ ಅವನನ್ನು ಪಿಯರ್‌ಸನ್‌ನ ಲ್ಯಾಬಿಗೆ ಓದಲು ಕಳಿಸಿತು. ಅದೇ 1906ರಲ್ಲಿ ಮಾರ್ಜರಿ ಫಿಲ್‌ಪಾಟ್ಸ್ ಜೊತೆ ಅವನ ಮದುವೆಯೂ ಆಯಿತು. 1907ರಲ್ಲಿ ಮೊದಲ ಪ್ರಬಂಧ. ರಕ್ತಕಣ ಎಣಿಸುವ ಗಾಜಿನ ಉಪಕರಣದಲ್ಲಿ ಯೀಸ್ಟ್ ಕೋಶ ಎಣಿಸುವಾಗ ಎಷ್ಟು ತಪ್ಪಾಗುತ್ತೆ ಅನ್ನೋದು ಅದರ ವಿಷಯ. ಯೀಸ್ಟ್ ಹೆಚ್ಚಾದರೆ ಬಿಯರ್ ಕಹಿ, ಕಡಿಮೆಯಾದರೆ ಹುದುಗುವಿಕೆ ಅರ್ಧಂಬರ್ಧ. ಎಣಿಕೆಯ ತಪ್ಪಿಗೆ ರುಚಿಯಲ್ಲೇ ಬೆಲೆ ತೆರಬೇಕು.

1908ರಲ್ಲಿ ಬಂದದ್ದೇ ಆ ಪ್ರಸಿದ್ಧ ಪ್ರಬಂಧ. ಸಮಸ್ಯೆ ಸರಳವಾಗಿ ಹೀಗಿದೆ. ನಾಲ್ಕೇ ಅಳತೆ ಇದ್ದರೆ ಸರಾಸರಿಯ ಮೇಲೆ ಮಾತ್ರವಲ್ಲ, ಅಳತೆಗಳು ಎಷ್ಟು ಚದುರಿವೆ ಅನ್ನೋ ಲೆಕ್ಕದ ಮೇಲೂ ಭರವಸೆ ಇಡೋಕಾಗಲ್ಲ, ಯಾಕೆಂದರೆ ಅದನ್ನೂ ಆ ನಾಲ್ಕರಿಂದಲೇ ತೆಗೆದಿರುತ್ತೇವೆ. ಹಾಗಾಗಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಅನುಮಾನ ಇಟ್ಟುಕೊಳ್ಳಬೇಕು. ಎಷ್ಟು ಹೆಚ್ಚು? ದೊಡ್ಡ ಸ್ಯಾಂಪಲ್‌ನಲ್ಲಿ 95% ಭರವಸೆಗೆ 1.96 ಅಂತ ಗುಣಿಸುವ ಕಡೆ, ನಾಲ್ಕು ಅಳತೆಯಾದರೆ 3.18 ಅಂತ ಗುಣಿಸಬೇಕು. ನಾವು ಕಣ್ಣುಮುಚ್ಚಿ ನೋಡಿದ ಟಿ ಟೇಬಲ್‌ನಲ್ಲಿ ಇದ್ದದ್ದು ಈ ವಿನಯ.

ಗಣಿತದ ಸಾಧನೆಯಲ್ಲಿ ಒಂದು ಕಡೆ ಊಹೆ ಇತ್ತು. ಪರೀಕ್ಷಿಸಲು ಅವನು ಜೈಲಿನಲ್ಲಿದ್ದ 3,000 ಅಪರಾಧಿಗಳ ಎತ್ತರ ಮತ್ತು ಎಡಗೈ ಮಧ್ಯದ ಬೆರಳಿನ ಉದ್ದದ ಅಳತೆಗಳನ್ನು ರಟ್ಟಿನ ಚೂರುಗಳ ಮೇಲೆ ಬರೆದು, ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದ. ಕಂಪ್ಯೂಟರ್ ಇಲ್ಲದ ಕಾಲದ ಸಿಮ್ಯುಲೇಷನ್ ಇದು. ಅವನ ಸೂತ್ರ ಸರಿ ಬಂತು. ಪೂರ್ತಿ ಗಣಿತ ಸಾಧನೆ ಕೊಟ್ಟವನು ಆಮೇಲೆ ಬಂದ ರೊನಾಲ್ಡ್ ಫಿಶರ್.

ಪ್ರಬಂಧದ ಮೇಲೆ ಗೊಸೆಟ್ ಹೆಸರಿರಲಿಲ್ಲ. ವ್ಯಾಪಾರದ ಗುಟ್ಟು ಹೊರಬೀಳುತ್ತೆ ಅನ್ನೋ ಭಯಕ್ಕೆ ಗಿನ್ನೆಸ್ ತನ್ನ ನೌಕರರು ಸ್ವಂತ ಹೆಸರಲ್ಲಿ ಪ್ರಕಟಿಸುವುದನ್ನು ಒಪ್ಪುತ್ತಿರಲಿಲ್ಲ. ಹಾಗಾಗಿ ‘ಸ್ಟೂಡೆಂಟ್’. ಇವತ್ತು ಐಟಿ ಕಂಪನಿ ಸೇರುವಾಗ ನಾವೆಲ್ಲ ಓದದೇ ಸಹಿ ಹಾಕುವ ಕರಾರು ಪತ್ರ ನೆನಪಿಸಿಕೊಳ್ಳಿ. ನಿಮ್ಮ ತಲೆಯಿಂದ ಬಂದದ್ದೆಲ್ಲ ಕಂಪನಿಯದು. ಜ್ಞಾನ ಜಗತ್ತಿಗೆ ಹೋಯಿತು, ಬಿಯರ್ ಲಾಭ ಮಾಲೀಕರಿಗೆ ಹೋಯಿತು, ಹೆಸರು ಮಾತ್ರ ದುಡಿದವನಿಗೆ ಸಿಗಲಿಲ್ಲ. ಅವನು ಅದಕ್ಕೆ ಗಲಾಟೆ ಮಾಡಿದವನಲ್ಲ. ಹಾಗಂತ ಆ ನಿಯಮ ನ್ಯಾಯ ಅಂತ ನಾವು ಒಪ್ಪಬೇಕಿಲ್ಲ.

ಹಾಲು ಯಾರಿಗೆ ಸಿಕ್ಕಿತು?

ಪಿಯರ್‌ಸನ್ ಮತ್ತು ಫಿಶರ್ ಹಾವು ಮುಂಗುಸಿ. ಇಬ್ಬರೂ ಮನುಷ್ಯರಲ್ಲಿ ‘ಒಳ್ಳೆಯ ತಳಿ’ ಬೆಳೆಸಬೇಕೆಂಬ ಯೂಜೆನಿಕ್ಸ್ ವಾದವನ್ನು ಬೆಂಬಲಿಸಿದವರು, ಲಂಡನ್ನಿನಲ್ಲಿ ಆ ವಿಷಯದ ಪ್ರೊಫೆಸರ್ ಹುದ್ದೆಯಲ್ಲೇ ಕೂತವರು. ಸಂಖ್ಯಾಶಾಸ್ತ್ರದ ಇತಿಹಾಸಕ್ಕೆ ಅಂಟಿದ ಈ ಕಲೆಯನ್ನು ತೊಳೆದು ಹಾಕೋಕಾಗಲ್ಲ. ಇಬ್ಬರ ಜೊತೆಗೂ ಸ್ನೇಹ ಉಳಿಸಿಕೊಂಡವನು ಗೊಸೆಟ್. ಆದರೆ ಸ್ನೇಹಿತ ಅಂತ ಫಿಶರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ಹೊಲದ ಪ್ರಯೋಗಗಳಲ್ಲಿ ತಾಕುಗಳನ್ನು ಚೀಟಿ ಎತ್ತಿ ಹಂಚಬೇಕು ಅಂತ ಫಿಶರ್. ಮಣ್ಣಿನ ಗುಣ ನೋಡಿ ಸಮತೋಲನವಾಗಿ ಜೋಡಿಸಬೇಕು ಅಂತ ಗೊಸೆಟ್. ಆ ಜಗಳ ಕೊನೆವರೆಗೂ ಮುಗಿಯಲಿಲ್ಲ.

ನನ್ನ ಪ್ರಕಾರ ಅವನ ಅತಿ ಮುಖ್ಯ ಬರಹ ಬಿಯರ್ ಬಗ್ಗೆ ಅಲ್ಲ, ಹಾಲಿನ ಬಗ್ಗೆ. 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್‌ನಲ್ಲಿ 20,000 ಶಾಲಾ ಮಕ್ಕಳ ಮೇಲೆ ಒಂದು ಭಾರೀ ಪ್ರಯೋಗ ನಡೆಯಿತು. ಅರ್ಧ ಮಕ್ಕಳಿಗೆ ದಿನಾ ಹಾಲು, ಇನ್ನರ್ಧಕ್ಕೆ ಇಲ್ಲ. ನಾಲ್ಕು ತಿಂಗಳ ಮೇಲೆ ಎತ್ತರ, ತೂಕ ನೋಡೋದು. ಗುಂಪು ಸಮವಾಗಿಲ್ಲ ಅನ್ನಿಸಿದರೆ ಬದಲಾಯಿಸಲು ಮೇಷ್ಟ್ರುಗಳಿಗೆ ಅವಕಾಶವಿತ್ತು. ಫಲಿತಾಂಶ ಬಿಡಿಸಿ ನೋಡಿದರೆ, ಹಾಲು ಸಿಗದ ಮಕ್ಕಳು ಮೊದಲ ದಿನವೇ ಹೆಚ್ಚು ಎತ್ತರ, ಹೆಚ್ಚು ತೂಕ ಇದ್ದರು!

1931ರಲ್ಲಿ ‘ಸ್ಟೂಡೆಂಟ್’ ಇದನ್ನು ವಿವರಿಸಿದ. ಮೇಷ್ಟ್ರುಗಳು, ಬಹುಶಃ ತಮಗೇ ಗೊತ್ತಿಲ್ಲದೆ, ಸೊರಗಿದ ಬಡ ಮಕ್ಕಳ ಕಡೆ ಹಾಲು ತಿರುಗಿಸಿದ್ದರು. ಇನ್ನೊಂದು ಸೂಕ್ಷ್ಮ: ಮಕ್ಕಳನ್ನು ಬಟ್ಟೆಸಮೇತ ತೂಗಿದ್ದು, ಮೊದಲ ಸಲ ಚಳಿಗಾಲದಲ್ಲಿ, ಎರಡನೇ ಸಲ ಬೇಸಿಗೆ ಶುರುವಾದಾಗ. ಉಳ್ಳವರ ಮಕ್ಕಳು ದಪ್ಪ ಬಟ್ಟೆ ತೆಗೆದಿರುತ್ತಾರೆ. ಬಡವರ ಮಕ್ಕಳಿಗೆ ತೆಗೆಯೋಕೆ ಅಂತ ಹೆಚ್ಚಿನ ಬಟ್ಟೆಯೇ ಇಲ್ಲ. ತೂಕದ ವ್ಯತ್ಯಾಸದಲ್ಲಿ ಹಾಲೆಷ್ಟು, ಕೋಟು ಎಷ್ಟು? ಇಷ್ಟು ದೊಡ್ಡ ಪ್ರಯೋಗದ ಬದಲು ಸುಮಾರು 50 ಜೋಡಿ ಅವಳಿ ಮಕ್ಕಳನ್ನು ಎಚ್ಚರದಿಂದ ನೋಡಿದ್ದರೆ ಇನ್ನೂ ನಂಬಬಹುದಾದ ಉತ್ತರ ಸಿಗುತ್ತಿತ್ತು ಅನ್ನೋದು ಅವನ ಸಲಹೆ.

20,000 ಅನ್ನೋ ಅಂಕಿ ನೋಡಿ ಯಾರಾದರೂ ಬೆರಗಾಗುತ್ತಾರೆ. ಅಂಕಿಯ ಹಿಂದೆ ಯಾವ ಮಗುವಿನ ಮೈಮೇಲೆ ಎಷ್ಟು ಬಟ್ಟೆ ಇತ್ತು ಅಂತ ಕೇಳಿದವನು ಒಬ್ಬ ಬ್ರೂವರ್. ಚುನಾವಣಾ ಸಮೀಕ್ಷೆಯಿರಲಿ, ಶಾಲೆಯಲ್ಲಿ ಮೊಟ್ಟೆ ಕೊಡಬೇಕೋ ಬೇಡವೋ ಅನ್ನೋ ನಮ್ಮ ಜಗಳವಿರಲಿ, ಮೊದಲು ಕೇಳಬೇಕಾದ್ದು ಇದನ್ನೇ: ಎಷ್ಟು ಜನರನ್ನು ಕೇಳಿದಿರಿ ಅನ್ನೋದಷ್ಟೇ ಅಲ್ಲ, ಯಾರನ್ನು ಕೇಳಿದಿರಿ, ಯಾರನ್ನು ಬಿಟ್ಟಿರಿ?

ಕೊನೆಯ ವರ್ಷಗಳು

ಗೊಸೆಟ್ ಮನೆಯಲ್ಲಿ ಮರಗೆಲಸ ಮಾಡುತ್ತಿದ್ದ, ತೋಟ ನೋಡಿಕೊಳ್ಳುತ್ತಿದ್ದ, ಮೀನು ಹಿಡಿಯಲು ಹೋಗುತ್ತಿದ್ದ. ಐರ್ಲೆಂಡಿನ ರೈತರ ಹೊಲಗಳಲ್ಲಿ ಬಾರ್ಲಿ ತಳಿಗಳ ಪರೀಕ್ಷೆಗೆ ವರ್ಷಗಟ್ಟಲೆ ದುಡಿದ. 1934ರಲ್ಲಿ ಕಾರು ಅಪಘಾತದಲ್ಲಿ ಕಾಲು ಮುರಿಯಿತು. 1935ರಲ್ಲಿ ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ಗಿನ್ನೆಸ್ ಹೊಸ ಬ್ರೂವರಿ ಕಟ್ಟಿದಾಗ ಅಲ್ಲಿಗೆ ಹೋದ. 1937ರಲ್ಲಿ ಹೆಡ್ ಬ್ರೂವರ್ ಆದ. ಅದೇ ವರ್ಷ ಅಕ್ಟೋಬರ್ 16ರಂದು ಹೃದಯಾಘಾತದಿಂದ ತೀರಿಕೊಂಡ. 61 ವರ್ಷ. ಇವತ್ತಿಗೂ ಪಠ್ಯಪುಸ್ತಕದಲ್ಲಿ ಅವನು ‘ಸ್ಟೂಡೆಂಟ್’.

ನಾನು ಆ ಎರಡು ಸ್ಟಾರ್ ಪೋಸ್ಟ್ ಅಳಿಸಿಲ್ಲ. ಕೆಳಗೆ ಒಂದು ಸಾಲು ಸೇರಿಸಿದ್ದೀನಿ: ಒಂದೇ ಗ್ಲಾಸ್ ಕುಡಿದು ಬರೆದದ್ದು, ಲೇಬಲ್ ನೋಡಿ ಕುಡಿದದ್ದು, ಆಮೇಲೆ ಲೇಬಲ್ ಮುಚ್ಚಿ ಕೊಟ್ಟಾಗ ವ್ಯತ್ಯಾಸ ಹೇಳೋಕೆ ನನಗೆ ಆಗಲಿಲ್ಲ. ಈಗ ನಮ್ಮ ಗುಂಪಿನಲ್ಲಿ ಕ್ಯಾನ್‌ಗಳಿಗೆ ಪೇಪರ್ ಸುತ್ತಿ ನಂಬರ್ ಬರೀತೀವಿ, ಸ್ಟಾರ್ ಪಕ್ಕದಲ್ಲಿ ಎಷ್ಟು ಸಲ ಕುಡಿದು ನೋಡಿದ್ದು ಅಂತಲೂ ಹಾಕ್ತೀವಿ. ಜಗಳ ಕಡಿಮೆಯಾಗಿಲ್ಲ. ಆದರೆ ಜಗಳದಲ್ಲಿ ಸೋತವರು ಈಗ ಇನ್ನೊಂದು ಸುತ್ತು ಕೇಳ್ತಾರೆ, ಮತ್ತು ಹಾಗೆ ಕೇಳೋದು ತಪ್ಪಲ್ಲ ಅಂತ ಎಲ್ಲರೂ ಒಪ್ಪಿದ್ದೀವಿ.