ಜಾನ್ ಶಾ ನೀಲ್ಸನ್

ಜಾನ್ ಶಾ ನೀಲ್ಸನ್ (೨೨ ಫೆಬ್ರವರಿ ೧೮೭೨ – ೧೨ ಮೇ ೧೯೪೨) ಆಸ್ಟ್ರೇಲಿಯಾದ ಪ್ರಮುಖ ಭಾವಗೀತ ಕವಿಗಳಲ್ಲಿ ಒಬ್ಬರು. ಜೀವಮಾನದ ಬಹುಭಾಗವನ್ನು ಕೂಲಿಕಾರ್ಮಿಕರಾಗಿ ಕಳೆದ ಇವರು, ದೃಷ್ಟಿದೋಷದ ಕಾರಣ ತಮ್ಮ ಅನೇಕ ಕವಿತೆಗಳನ್ನು ಇತರರಿಗೆ ಹೇಳಿ ಬರೆಸಿದರು.

ಆರಂಭಿಕ ಜೀವನ
ನೀಲ್ಸನ್ ದಕ್ಷಿಣ ಆಸ್ಟ್ರೇಲಿಯಾದ ಪೆನೋಲಾ ಎಂಬ ಊರಿನಲ್ಲಿ ಸ್ಕಾಟಿಷ್ ಮೂಲದ ಕುಟುಂಬದಲ್ಲಿ ಜನಿಸಿದರು. ತಂದೆ ಜಾನ್ ನೀಲ್ಸನ್ ಕೂಡ ಕವಿಯಾಗಿದ್ದರು. ೧೮೮೧ರಲ್ಲಿ ಕುಟುಂಬವು ಜಮೀನನ್ನು ಅರಸಿ ವಿಕ್ಟೋರಿಯಾದ ಮಿನಿಮೇಗೆ ವಲಸೆ ಹೋಯಿತು. ಬಡತನದಿಂದಾಗಿ ನೀಲ್ಸನ್ ಅವರ ಶಾಲಾ ಶಿಕ್ಷಣ ಮೂರು ವರ್ಷವೂ ನಡೆಯಲಿಲ್ಲ.

ದುಡಿಮೆ ಮತ್ತು ಕಾವ್ಯರಚನೆ
ಬೇಸಾಯ ಕೈಹಿಡಿಯದ ಕಾರಣ ಇವರು ಕಾಡು ಕಡಿದು ನೆಲ ಹಸನುಗೊಳಿಸುವುದು, ಬೇಲಿ ಹಾಕುವುದು, ಹಣ್ಣು ಕೊಯ್ಯುವುದು, ಕಲ್ಲುಗಣಿ ಮತ್ತು ರಸ್ತೆ ಕಾಮಗಾರಿಗಳಲ್ಲಿ ದುಡಿಯುವುದು ಮುಂತಾದ ಕೆಲಸಗಳಿಗಾಗಿ ಊರೂರು ಅಲೆದರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇವರ ದೃಷ್ಟಿ ತೀರ ಕ್ಷೀಣಿಸಿ, ಓದುವುದೂ ಬರೆಯುವುದೂ ಕಷ್ಟವಾಯಿತು. ಅಂದಿನಿಂದ ದುಡಿಮೆಯ ನಡುವೆಯೇ ಸಾಲುಗಳನ್ನು ಮನಸ್ಸಿನಲ್ಲಿ ಕಟ್ಟಿ, ಬಿಡುವಾದಾಗ ಒಡಹುಟ್ಟಿದವರಿಗೋ ಜೊತೆಯ ಕಾರ್ಮಿಕರಿಗೋ ಹೇಳಿ ಬರೆಸುವುದು ರೂಢಿಯಾಯಿತು.

ವಿಮರ್ಶಕ ಎ. ಜಿ. ಸ್ಟೀಫನ್ಸ್ ಅವರು ನೀಲ್ಸನ್ ಅವರಿಗೆ ಮಾರ್ಗದರ್ಶಕರೂ ಸಂಪಾದಕರೂ ಆಗಿದ್ದರು. ಕವಿ ದೂರದ ಹಳ್ಳಿಗಾಡಿನಿಂದ ಅಂಚೆಯಲ್ಲಿ ಕಳುಹಿಸುತ್ತಿದ್ದ ಕವಿತೆಗಳನ್ನು ಅವರು ತಿದ್ದಿ ಪ್ರಕಟಿಸುತ್ತಿದ್ದರು. ಮೊದಲ ಪ್ರಮುಖ ಸಂಕಲನ 'ಹಾರ್ಟ್ ಆಫ್ ಸ್ಪ್ರಿಂಗ್' ೧೯೧೯ರಲ್ಲಿ ಹೊರಬಂದಾಗ ನೀಲ್ಸನ್ ಅವರಿಗೆ ೪೭ ವರ್ಷ. 'ಬ್ಯಾಲಡ್ ಅಂಡ್ ಲಿರಿಕಲ್ ಪೊಯಮ್ಸ್' (೧೯೨೩) ಮತ್ತು 'ನ್ಯೂ ಪೊಯಮ್ಸ್' (೧೯೨೭) ಅನಂತರದ ಸಂಕಲನಗಳು. 'ದಿ ಆರೆಂಜ್ ಟ್ರೀ' ಇವರ ಅತ್ಯಂತ ಪ್ರಸಿದ್ಧ ಕವಿತೆ. ಕಿತ್ತಳೆ ಮರದಲ್ಲಿ ಒಂದು ಬೆಳಕನ್ನು ಕಾಣುವ ಬಾಲೆ ಮತ್ತು ಅದಕ್ಕೆ ಕಾರಣ ಹುಡುಕುವ ಮತ್ತೊಬ್ಬರ ನಡುವಿನ ಸಂವಾದದ ರೂಪದಲ್ಲಿ ಅದು ಸಾಗುತ್ತದೆ.

ಸಮಗ್ರ ಕವಿತೆಗಳು
ಸಾಹಿತ್ಯಾಸಕ್ತ ಮಿತ್ರರ ಪ್ರಯತ್ನದಿಂದ ೧೯೨೮ರಲ್ಲಿ ಇವರಿಗೆ ಮೆಲ್ಬರ್ನ್‌ನ ಕಂಟ್ರಿ ರೋಡ್ಸ್ ಬೋರ್ಡ್ ಕಚೇರಿಯಲ್ಲಿ ಜವಾನನ ಕೆಲಸ ದೊರೆಯಿತು. ಅಲೆದಾಟ ನಿಂತು ಬದುಕು ಸ್ವಲ್ಪ ನೆಮ್ಮದಿ ಕಂಡಿತು. ಸ್ಟೀಫನ್ಸ್ ಅವರು ೧೯೩೩ರಲ್ಲಿ ನಿಧನರಾದರು. ಮರುವರ್ಷ ಆರ್. ಎಚ್. ಕ್ರಾಲ್ ಅವರ ಸಂಪಾದಕತ್ವದಲ್ಲಿ 'ಕಲೆಕ್ಟೆಡ್ ಪೊಯಮ್ಸ್' ಪ್ರಕಟವಾಗಿ, ಬಿಡಿ ಸಂಕಲನಗಳಲ್ಲಿ ಚದುರಿದ್ದ ಕವಿತೆಗಳು ಒಂದೆಡೆ ಸೇರಿದವು. ಕೊನೆಯ ಸಂಕಲನ 'ಬ್ಯೂಟಿ ಇಂಪೋಸಸ್' ೧೯೩೮ರಲ್ಲಿ ಬಂದಿತು.

ನಿಧನ ಮತ್ತು ನಂತರ
ಅವಿವಾಹಿತರಾಗಿಯೇ ಉಳಿದ ನೀಲ್ಸನ್ ೧೯೪೨ರಲ್ಲಿ ಮೆಲ್ಬರ್ನ್‌ನಲ್ಲಿ ನಿಧನರಾದರು. ಫುಟ್ಸ್‌ಕ್ರೇ ಸ್ಮಶಾನದಲ್ಲಿ ಇವರ ಸಮಾಧಿಯಿದೆ. ಇವರು ಹೇಳಿ ಬರೆಸಿದ್ದ ಆತ್ಮಕಥೆಯನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯವು ೧೯೭೮ರಲ್ಲಿ ಪ್ರಕಟಿಸಿತು. ಬರೆದುಕೊಂಡವರ ಕೈಬರಹ ಬೇರೆ ಬೇರೆಯಾಗಿದ್ದುದರಿಂದಲೂ ಸ್ಟೀಫನ್ಸ್ ಅವರು ಮಾಡಿದ ತಿದ್ದುಪಡಿಗಳಿಂದಲೂ ಹಲವು ಕವಿತೆಗಳಿಗೆ ಒಂದಕ್ಕಿಂತ ಹೆಚ್ಚು ಪಾಠಗಳಿವೆ. ಅವುಗಳಲ್ಲಿ ಕವಿಯ ಮೂಲ ಮಾತು ಯಾವುದೆಂದು ನಿರ್ಧರಿಸುವುದು ನಂತರದ ಸಂಪಾದಕರಿಗೆ ಕಠಿಣ ಕೆಲಸವಾಗಿದೆ.